ಯೂಟಾದ ಅಕ್ಕಿ, ಹಳಿಯಾಳದ ಆಷಾಢ

ಮೇ ತಿಂಗಳು ಅರ್ಧ ಕಳೆಯಿತೆಂದರೆ ಹಳಿಯಾಳ, ದಾಂಡೇಲಿ ಕಡೆಯ ಮನೆಗಳಲ್ಲಿ ಮಳೆಗಾಲದ ತಯಾರಿ ಶುರು. ಮೆಣಸಿನಕಾಯಿ ಒಣಗಬೇಕು, ಸಂಡಿಗೆ ಹಪ್ಪಳ ಆಗಬೇಕು, ಬೇಳೆಗೆ ಬಿಸಿಲು ತೋರಿಸಬೇಕು, ಕಟ್ಟಿಗೆ ಒಳಗೆ ಸೇರಬೇಕು. ಮೊದಲೆಲ್ಲ ಇದಕ್ಕೆ ಅತ್ತೆಯೋ ಅಜ್ಜಿಯೋ ಹೇಳಿದ್ದೇ ಪ್ರಮಾಣ. ಈಗ ಮೊಬೈಲಿದೆ. ಅಕ್ಕಿ ಕೆಡದಂತೆ ಇಡುವುದು ಹೇಗೆ ಎಂದು ಹುಡುಕಿದರೆ ಬೆಳ್ಳಿ ಬಣ್ಣದ ಚೀಲ, ಆಮ್ಲಜನಕ ಹೀರುವ ಪುಟ್ಟ ಪೊಟ್ಟಣ, ನೆಲಮಾಳಿಗೆಯ ತುಂಬ ಸಾಲು ಸಾಲು ಡಬ್ಬಿ ತೋರಿಸುವ ವಿಡಿಯೊಗಳು ಒಂದರ ಹಿಂದೊಂದು ಬರುತ್ತವೆ.

ಈ ವಿದ್ಯೆಗೆ ಅಮೆರಿಕದ ಯೂಟಾ ರಾಜ್ಯ ತವರಿದ್ದಂತೆ. ಅಲ್ಲಿನ ಮಾರ್ಮನ್ ಪಂಥದವರು 1930ರ ದಶಕದಿಂದಲೂ ಆಪತ್ಕಾಲಕ್ಕೆಂದು ಮನೆಯಲ್ಲಿ ದವಸ ಕೂಡಿಡುವುದನ್ನು ಧರ್ಮದ ಭಾಗವೆಂದೇ ಪಾಲಿಸುತ್ತ ಬಂದಿದ್ದಾರೆ. ಕೆಲಸ ಬಲ್ಲವರು, ಸುಳ್ಳು ಹೇಳುವವರಲ್ಲ. ಆದರೆ ಅವರ ಸಾಲ್ಟ್ ಲೇಕ್ ಸಿಟಿಯಲ್ಲಿ ಮಳೆ, ಹಿಮ ಎಲ್ಲ ಸೇರಿ ವರ್ಷಕ್ಕೆ ಬೀಳುವುದು ಸುಮಾರು 400 ಮಿ.ಮೀ. ನಮ್ಮ ಜೊಯಿಡಾ ತಾಲೂಕಿನ ಕ್ಯಾಸಲ್‌ರಾಕ್‌ನಲ್ಲಿ ಜುಲೈ ಒಂದೇ ತಿಂಗಳಲ್ಲಿ ಅದರ ಮೂರು ಪಟ್ಟಿಗೂ ಹೆಚ್ಚು ಸುರಿಯುತ್ತದೆ. ಅಲ್ಲಿನ ಸಲಹೆಯನ್ನು ಇಲ್ಲಿನ ಅಡುಗೆಮನೆಗೆ ಹಾಗೇ ಇಳಿಸಿದಾಗ ಹುಟ್ಟಿದ ತಪ್ಪು ತಿಳಿವಳಿಕೆಗಳು ಕೆಲವು. ಇಲ್ಲಿಯವೇ ಆದ ಹಳೆಯ ತಪ್ಪುಗಳೂ ಇವೆ, ಅವನ್ನು ಮೊಬೈಲು ಇನ್ನಷ್ಟು ಹರಡಿದೆ.

“ಗಾಳಿಯಾಡದಂತೆ ಮುಚ್ಚಿಟ್ಟರೆ ಅಕ್ಕಿ 25 ವರ್ಷ ಇರುತ್ತದೆ”

ಇರುತ್ತದೆ, ಮೂರು ಷರತ್ತಿನ ಮೇಲೆ. ಅಕ್ಕಿ ಪಾಲಿಶ್ ಆದ ಬಿಳಿ ಅಕ್ಕಿಯಾಗಿರಬೇಕು, ಚೆನ್ನಾಗಿ ಒಣಗಿರಬೇಕು, ಇಟ್ಟ ಕೋಣೆ ವರ್ಷವಿಡೀ 20 ಡಿಗ್ರಿ ಆಸುಪಾಸಿನಲ್ಲಿ ತಂಪಾಗಿರಬೇಕು. ಜೊಯಿಡಾದ ತೌಡು ತೆಗೆಯದ ಕೆಂಪಕ್ಕಿಗೆ ಈ ಲೆಕ್ಕ ನಡೆಯುವುದಿಲ್ಲ. ತೌಡಿನಲ್ಲಿ ಎಣ್ಣೆಯಂಶವಿದೆ, ಆರು ತಿಂಗಳ ಹೊತ್ತಿಗೆ ಅದು ಕಮಟು ಹಿಡಿಯಲು ಶುರುವಾಗುತ್ತದೆ. ಆರೋಗ್ಯಕ್ಕೆ ಒಳ್ಳೆಯದೆಂದು ಕೆಂಪಕ್ಕಿಯನ್ನೇ ಕ್ವಿಂಟಲ್‌ಗಟ್ಟಲೆ ತಂದು ಮುಚ್ಚಿಡುವವರು ಇದನ್ನು ಮರೆಯುತ್ತಾರೆ.

ಇನ್ನು ಮುಚ್ಚಿದ್ದೆಲ್ಲ ಒಣಗಿದ್ದೂ ಅಲ್ಲ. ಬಿಸಿಲಿನಿಂದ ಎತ್ತಿದ ಕಾಳನ್ನು ಬಿಸಿಬಿಸಿಯಾಗಿಯೇ ಸ್ಟೀಲ್ ಡ್ರಮ್ಮಿಗೆ ಸುರಿದು ಮುಚ್ಚಿದರೆ ರಾತ್ರಿ ಡ್ರಮ್ಮು ತಣ್ಣಗಾದಾಗ ಮುಚ್ಚಳದ ಅಡಿ ನೀರು ಹನಿಗಟ್ಟುತ್ತದೆ. ಮೇಲಿನ ನಾಲ್ಕು ಬೆರಳಿನಷ್ಟು ಕಾಳು ಮುಗ್ಗಲು ಹಿಡಿಯುವುದು ಹೀಗೆ. ಆರಿಸಿ ತುಂಬಬೇಕು ಎಂದು ಹಿರಿಯರು ಹೇಳುತ್ತಿದ್ದುದಕ್ಕೆ ಕಾರಣ ಇಷ್ಟೇ.

ಹುಳು ಹೊರಗಿನಿಂದ ಬರುತ್ತದೆ ಎನ್ನುವುದೂ ಅರ್ಧಸತ್ಯ. ಹೆಸರು, ಅಲಸಂದಿ ಕಾಯಿಗಳ ಮೇಲೆ ದುಂಬಿ ಹೊಲದಲ್ಲಿಯೇ ಮೊಟ್ಟೆ ಇಟ್ಟಿರುತ್ತದೆ. ನಾವು ಡಬ್ಬಿ ಮುಚ್ಚುವಾಗ ಅದನ್ನೂ ಸೇರಿಸಿಯೇ ಮುಚ್ಚುತ್ತೇವೆ. ಮುಚ್ಚಳ ನಿಜಕ್ಕೂ ಗಾಳಿಬಿಗಿಯಾಗಿದ್ದರೆ ಆ ಹುಳು ಒಳಗಿನ ಆಮ್ಲಜನಕ ಮುಗಿಸಿ ತಾನೇ ಸಾಯುತ್ತದೆ. ಈಗ ಮೂರು ಪದರದ ಚೀಲಗಳ ಹೆಸರಿನಲ್ಲಿ ಬಂದಿರುವ ತಂತ್ರವೂ ಇದೇ.

ನಮ್ಮ ಮಗ್ಗುಲಿನ ಧಾರವಾಡ ಸೀಮೆಯ ಹಗೇವು ಮಾಡುತ್ತಿದ್ದುದೂ ಅದನ್ನೇ. ನೆಲದಲ್ಲಿ ಗುಂಡಿ ತೋಡಿ, ಸುತ್ತ ಕಣಿಕೆ ಹುಲ್ಲು ಕೊಟ್ಟು, ಜೋಳ ತುಂಬಿ, ಬಾಯಿಗೆ ಕಲ್ಲಿಟ್ಟು ಮಣ್ಣಿನಿಂದ ಮೆತ್ತಿಬಿಟ್ಟರೆ ವರ್ಷಗಟ್ಟಲೆ ಕಾಳು ಕೆಡುತ್ತಿರಲಿಲ್ಲ. ಕಾಳು, ಹುಳು ಎರಡೂ ಉಸಿರಾಡಿ ಒಳಗೆಲ್ಲ ಇಂಗಾಲದ ಡೈಆಕ್ಸೈಡ್ ತುಂಬಿರುತ್ತಿತ್ತು. ಅದಕ್ಕೇ ಹಗೇವಿನ ಬಾಯಿ ತೆರೆದವರು ಕೂಡಲೇ ಇಳಿಯುತ್ತಿರಲಿಲ್ಲ. ಸಾಕಷ್ಟು ಹೊತ್ತು ಗಾಳಿಯಾಡಲು ಬಿಟ್ಟು, ಹಗ್ಗಕ್ಕೆ ದೀಪ ಕಟ್ಟಿ ಇಳಿಬಿಡುತ್ತಿದ್ದರು. ದೀಪ ಆರಿದರೆ ಇನ್ನೂ ಕಾಯಬೇಕು. ಆತುರ ಮಾಡಿ ಇಳಿದು ಜೀವ ಕಳೆದುಕೊಂಡವರೂ ಇದ್ದಾರೆ.

ಆದರೆ ಹಗೇವು ಕೂಡ ಎಲ್ಲ ಊರಿನದಲ್ಲ. ಜೊಯಿಡಾದ ಮಣ್ಣಿನಲ್ಲಿ ಆಷಾಢಕ್ಕೆ ಗುಂಡಿ ತೋಡಿದರೆ ಜೋಳದ ಬದಲು ಒರತೆ ಸಿಗುತ್ತದೆ. ಅದಕ್ಕೇ ಮಲೆನಾಡಿನ ಮನೆಗಳು ಸಗಣಿ ಸಾರಿಸಿದ ಬಿದಿರಿನ ಕಣಜವನ್ನೂ ಒಲೆಯ ಮೇಲಿನ ಅಟ್ಟವನ್ನೂ ನಂಬಿದವು. ಎರಡೂ ನೆಲದಿಂದ ಮೇಲೆ, ಒಂದಕ್ಕೆ ಹೊಗೆಯ ಕಾವಲು ಬೇರೆ. ಅಮೆರಿಕದ ನೆಲಮಾಳಿಗೆಯನ್ನು ನೋಡಿ ಗಡ್ಡೆಗೆಣಸನ್ನು ತಂಪು ಮಣ್ಣಿನಲ್ಲಿ ಹೂತಿಡುವ ಸಲಹೆಗೂ ಇದೇ ಮಾತು ಅನ್ವಯಿಸುತ್ತದೆ. ಅಲ್ಲಿ ಚಳಿಗಾಲದ ನೆಲವೇ ಫ್ರಿಜ್ಜು. ನಮ್ಮ ನೆಲದಲ್ಲಿ ತೇವವಿದೆ, ಆ ಚಳಿಯಿಲ್ಲ. ಗಡ್ಡೆ ಕೊಳೆಯಲು ಅಷ್ಟು ಸಾಕು.

“ಒಣಗಿದ್ದು ಹಲ್ಲಿನಲ್ಲಿ ಕಚ್ಚಿದರೆ ಗೊತ್ತಾಗುತ್ತದೆ”

ಅನುಭವಿಗಳಿಗೆ ಗೊತ್ತಾದೀತು. ಭತ್ತವನ್ನು ಕೆಲವು ತಿಂಗಳು ಇಡಬೇಕಾದರೆ ತೇವಾಂಶ ಶೇ. 13–14 ದಾಟಬಾರದು, ಬೀಜಕ್ಕೆಂದು ವರ್ಷ ಮೀರಿ ಇಡುವುದಾದರೆ ಶೇ. 9ಕ್ಕೆ ಇಳಿಯಬೇಕು. ಹದಿಮೂರಕ್ಕೂ ಹದಿನಾರಕ್ಕೂ ಇರುವ ಅಂತರವನ್ನು ಹಲ್ಲು ಹೇಳುವುದು ಕಷ್ಟ. ಇದಕ್ಕೆ ಆಫ್ರಿಕಾದ ರೈತರಿಗೆ ಕಲಿಸುವ ಒಂದು ಸುಲಭ ಪರೀಕ್ಷೆಯಿದೆ, ನನಗೆ ಬಹಳ ಹಿಡಿಸಿದ್ದು. ಒಣಗಿದ ಗಾಜಿನ ಬಾಟಲಿಯ ಮೂರನೇ ಒಂದು ಪಾಲು ಕಾಳು ತುಂಬಿ. ಬಾಣಲೆಯಲ್ಲಿ ಬೆಚ್ಚಗೆ ಮಾಡಿ ಆರಿಸಿದ ಪುಡಿ ಉಪ್ಪನ್ನು ಎರಡು ಮೂರು ಚಮಚ ಹಾಕಿ. ಬಿರಡೆ ಹಾಕಿ ಒಂದು ನಿಮಿಷ ಅಲ್ಲಾಡಿಸಿ, ಕಾಲು ಗಂಟೆ ಬಿಡಿ. ಉಪ್ಪು ಬಾಟಲಿಯ ಗೋಡೆಗೆ ಅಂಟಿಕೊಂಡರೆ ತೇವಾಂಶ ಶೇ. 15ಕ್ಕಿಂತ ಹೆಚ್ಚಿದೆ, ಇನ್ನೂ ಬಿಸಿಲು ಬೇಕು. ಉದುರಿ ತಳಕ್ಕೆ ಬಿದ್ದರೆ ಅದಕ್ಕಿಂತ ಕೆಳಗಿದೆ. ಖರ್ಚು ಒಂದು ಹಿಡಿ ಉಪ್ಪು.

ಮೇ ತಿಂಗಳಲ್ಲಿ ಪಾಸಾದ ಕಾಳು ಜುಲೈನಲ್ಲಿ ಫೇಲಾಗಬಹುದು. ಹೊರಗಿನ ಗಾಳಿಯ ತೇವ ಶೇ. 90ರ ಹತ್ತಿರ ಇರುವಾಗ ಗೋಣಿಚೀಲದಲ್ಲಿಟ್ಟ ಭತ್ತ ಆ ತೇವವನ್ನು ಹೀರಿ ಶೇ. 16 ದಾಟಿಬಿಡುತ್ತದೆ. ಮಳೆಗಾಲದಲ್ಲಿ ಚೀಲಕ್ಕಿಂತ ಡ್ರಮ್ಮು ಮೇಲು ಎನ್ನುವುದು ಇದಕ್ಕಾಗಿ. ಮುಂಡಗೋಡಿನ ಟಿಬೆಟನ್ ಕ್ಯಾಂಪಿನ ಹಿರಿಯರಿಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ. ಒಣ ಮಾಂಸ, ಒಣ ಚೀಸ್ ಬಹುಕಾಲ ಉಳಿಯುವ ಚಳಿನಾಡಿನಿಂದ ಬಂದು 1960ರ ದಶಕದಲ್ಲಿ ಈ ಕಾಡಂಚಿನಲ್ಲಿ ನೆಲೆನಿಂತವರು ಅವರು.

“ಬೂಷ್ಟು ಒರೆಸಿ, ಹುರಿದರೆ ಸರಿಹೋಗುತ್ತದೆ”

ಇಲ್ಲ. ಹಳಿಯಾಳ, ಮುಂಡಗೋಡ ಕಡೆ ಗೋವಿನಜೋಳ ಕೊಯ್ಲಾಗುವ ಹೊತ್ತಿಗೆ ಹಿಂಗಾರು ಮಳೆ ಬಂದು ರಸ್ತೆಯ ಮೇಲೆ ಹರವಿದ ರಾಶಿ ತೊಯ್ಯುವುದು ಹೊಸದಲ್ಲ. ತಾಡಪತ್ರಿ ಮುಚ್ಚಿದರೂ ಅಡಿಯಲ್ಲಿ ಹಬೆಯಾಡಿ ಹಸಿರು-ಹಳದಿ ಬೂಷ್ಟು ಬರುತ್ತದೆ. ಗೋವಿನಜೋಳ, ಶೇಂಗಾ ಎರಡರಲ್ಲೂ ಈ ಬಣ್ಣದ ಶಿಲೀಂಧ್ರ ಅಫ್ಲಾಟಾಕ್ಸಿನ್ ಎಂಬ ವಿಷ ಮಾಡಬಲ್ಲದು. ಬೂಷ್ಟು ತೊಳೆದರೂ ವಿಷ ಕಾಳಿನೊಳಗೇ ಉಳಿಯುತ್ತದೆ, ಮನೆಯ ಬಾಣಲೆಯ ಶಾಖಕ್ಕೆ ಅದು ಪೂರ್ತಿ ನಾಶವಾಗುವುದಿಲ್ಲ. 1974ರಲ್ಲಿ ರಾಜಸ್ಥಾನ, ಗುಜರಾತ್ ಗಡಿಯ ಬಾಂಸವಾಡಾ ಮತ್ತು ಪಂಚಮಹಲ್ ಜಿಲ್ಲೆಗಳಲ್ಲಿ ಮಳೆಗೆ ಕೆಟ್ಟ ಗೋವಿನಜೋಳ ತಿಂದು ಯಕೃತ್ತು ಹಾಳಾಗಿ 106 ಜನ ಸತ್ತರು. ತಿನ್ನಲು ಬೇರೇನೂ ಇರಲಿಲ್ಲ ಎಂಬುದೇ ಅಲ್ಲಿಯ ಕಾರಣ. ಮನುಷ್ಯರಿಗೆ ಬೇಡವಾದದ್ದು ದನಕ್ಕಿರಲಿ ಎಂದು ಹಾಕುವುದೂ ತಪ್ಪು, ವಿಷದ ಒಂದಂಶ ಹಾಲಿನಲ್ಲಿ ಮರಳಿ ಬರುತ್ತದೆ.

“ಒಂದ್ ಗುಳಿಗಿ ಅರಿವ್ಯಾಗ ಕಟ್ಟಿ ಇಡ್ರಿ, ಯಾವ ಹುಳಾನೂ ಬರೂದಿಲ್ಲ”

ಇಡೀ ಪಟ್ಟಿಯಲ್ಲಿ ಪ್ರಾಣಕ್ಕೇ ಎರವಾಗುವ ಸಲಹೆ ಇದು, ಬಂದದ್ದು ಯೂಟಾದಿಂದಲ್ಲ. ಕಾಳಿನ ಗುಳಿಗೆ ಎಂದು ಕೈಯಿಂದ ಕೈಗೆ ದಾಟುವುದು ಅಲ್ಯೂಮಿನಿಯಂ ಫಾಸ್ಫೈಡ್. ಗಾಳಿಯ ತೇವ ತಗಲಿದರೆ ಸಾಕು, ಫಾಸ್ಫೀನ್ ಅನಿಲ ಬಿಡುತ್ತದೆ. 3 ಗ್ರಾಂ ಗುಳಿಗೆಯೊಂದರಿಂದ ಸುಮಾರು 1 ಗ್ರಾಂ ಅನಿಲ ಹೊರಡುತ್ತದೆ. ಗೋದಾಮಿನಲ್ಲಿ ತರಬೇತಾದವರು ಹಾಕಿ, ಮುಚ್ಚಿ, ದಿನಗಟ್ಟಲೆ ಬಿಟ್ಟು ತೆರೆಯುವ ವಸ್ತು ಅದು. ಸಾಮಾನ್ಯರಿಗೆ ಮಾರುವುದಕ್ಕೆ ಕಾನೂನಿನ ಅನುಮತಿಯಿಲ್ಲ. ಮಕ್ಕಳು ಮಲಗುವ ಕೋಣೆಯ ಮೂಲೆಯ ಅಕ್ಕಿ ಡ್ರಮ್ಮಿನಲ್ಲಿ ಅದನ್ನಿಡುವುದೆಂದರೆ, ಅದೂ ಮಳೆಗಾಲದ ತೇವದಲ್ಲಿ ಕಿಟಕಿ ಮುಚ್ಚಿಕೊಂಡು, ಏನಾಗಬಹುದೆಂದು ಬಿಡಿಸಿ ಹೇಳಬೇಕಿಲ್ಲ. ಈ ವಿಷಕ್ಕೆ ಪ್ರತ್ಯೌಷಧವಿಲ್ಲ. ಅಕ್ಕಿಗೆ ಬೋರಿಕ್ ಪುಡಿ ಬೆರೆಸುವುದನ್ನೂ ಬಿಡಬೇಕು, ಅದು ಜಿರಲೆಯ ಮದ್ದು.

ಬದಲಿಗೆ ಏನು? ಬೇಳೆಕಾಳಿಗೆ ಕಿಲೋಗೆ ಒಂದು ಚಮಚದಷ್ಟು ಹರಳೆಣ್ಣೆ ಸವರುವುದು ಪರೀಕ್ಷೆಯಲ್ಲೂ ಗೆದ್ದ ಹಳೆಯ ಉಪಾಯ. ಎಣ್ಣೆ ಮೆತ್ತಿದ ಕಾಳಿನ ಮೇಲೆ ದುಂಬಿ ಮೊಟ್ಟೆ ಇಡಲಾರದು, ಇಟ್ಟರೂ ಅದು ಉಸಿರುಗಟ್ಟುತ್ತದೆ. ಬೇವಿನ ಎಲೆ, ಲಕ್ಕಿ ಸೊಪ್ಪು ಹುಳುವನ್ನು ಸ್ವಲ್ಪ ದೂರ ಇಡುತ್ತವೆ, ಒಳಗಿರುವ ಮೊಟ್ಟೆಗೆ ಏನೂ ಮಾಡವು. ಎಲೆ ಹಸಿಯಾಗಿದ್ದರಂತೂ ತೇವವೇ ಒಳಗೆ ಹೋದಂತೆ. ರವೆ, ಮೈದಾವನ್ನು ನಾಲ್ಕು ದಿನ ಫ್ರೀಜರಿನಲ್ಲಿಟ್ಟು ತೆಗೆದರೆ ಮೊಟ್ಟೆಯೂ ಸಾಯುತ್ತದೆ. ಇದು ವಿಡಿಯೊಗಳಿಂದ ಕಲಿಯಬೇಕಾದ ಒಳ್ಳೆಯ ಪಾಠ.

“ನಮ್ಮ ಕುಕ್ಕರಿನಲ್ಲೇ ಪಲ್ಯ ಬಾಟಲಿಗೆ ತುಂಬಿ ವರ್ಷ ಇಡಬಹುದು”

ಅಮೆರಿಕದ ಅಜ್ಜಿಯರು ಗಾಜಿನ ಜಾಡಿಗೆ ಹುರುಳಿಕಾಯಿ, ಮಾಂಸ ತುಂಬಿ ಸಾಲಾಗಿ ಜೋಡಿಸುವ ದೃಶ್ಯ ಚೆಂದ. ಅವರು ಬಳಸುವುದು ಅದಕ್ಕೆಂದೇ ಮಾಡಿದ, ಒತ್ತಡದ ಮಾಪಕವಿರುವ ದೊಡ್ಡ ಪಾತ್ರೆ. ಬೊಟುಲಿನಂ ಎಂಬ ಬ್ಯಾಕ್ಟೀರಿಯಾದ ಬೀಜಕಣಗಳು ಕುದಿಯುವ ನೀರಿಗೆ ಸಾಯುವುದಿಲ್ಲ. 116ರಿಂದ 121 ಡಿಗ್ರಿ ಶಾಖವನ್ನು ಜಾಡಿಯ ನಡುಭಾಗದವರೆಗೂ ಲೆಕ್ಕದ ಹೊತ್ತು ಕೊಡಬೇಕು. ನಮ್ಮ ಸೀಟಿ ಕುಕ್ಕರ್ ಬೇಗ ಕಾಯ್ದು ಬೇಗ ಆರುವಂಥದ್ದು, ಜಾಡಿಯ ನಡುಭಾಗ ಎಷ್ಟು ಕಾಯಿತೆಂದು ಹೇಳುವವರಿಲ್ಲ. ಹುಳಿ ಕಡಿಮೆಯಿರುವ, ಗಾಳಿಯಿಲ್ಲದ, ಒದ್ದೆಯಾದ ಜಾಗ ಈ ಬ್ಯಾಕ್ಟೀರಿಯಾಕ್ಕೆ ಅಚ್ಚುಮೆಚ್ಚು. ಕೆಟ್ಟದ್ದು ವಾಸನೆಯಿಂದ, ರುಚಿಯಿಂದ ತಿಳಿಯಬೇಕೆಂದೇನೂ ಇಲ್ಲ.

ಆಮ್ಲಜನಕ ಹೀರುವ ಪೊಟ್ಟಣದ ಅಪಾಯವೂ ಇಲ್ಲೇ ಇದೆ. ತೇವಾಂಶ ಶೇ. 10ರ ಒಳಗಿದ್ದು ಗರಿಗರಿಯಾಗಿ ಒಣಗಿದ ಪದಾರ್ಥಕ್ಕೆ ಮಾತ್ರ ಅದು ಸರಿ. ಮೆತ್ತಗಿರುವ ಹಲಸಿನ ತೊಳೆ, ಅರೆಬರೆ ಒಣಗಿದ ಮೀನಿನ ಜೊತೆ ಹಾಕಿ ಮುಚ್ಚಿದರೆ ಬೊಟುಲಿನಂಗೆ ಹಾಸಿಗೆ ಹಾಸಿಕೊಟ್ಟಂತೆ. ಎಣ್ಣೆಯಲ್ಲಿ ಬರೀ ಬೆಳ್ಳುಳ್ಳಿ ಮುಳುಗಿಸಿ ಹೊರಗಿಡುವುದೂ ಅಂಥದ್ದೇ. 1985ರಲ್ಲಿ ಕೆನಡಾದ ವ್ಯಾಂಕೂವರ್‌ನಲ್ಲಿ ಹೋಟೆಲೊಂದರ ಬೆಳ್ಳುಳ್ಳಿ ಎಣ್ಣೆಯಿಂದ ಮೂವತ್ತಕ್ಕೂ ಹೆಚ್ಚು ಜನ ಬೊಟುಲಿನಂ ವಿಷಕ್ಕೆ ತುತ್ತಾಗಿ ಕಾಯಿಲೆ ಬಿದ್ದರು.

ನಮ್ಮ ಅಪ್ಪೆಮಿಡಿಗೆ ಹಾಗೇಕೆ ಆಗುವುದಿಲ್ಲ? ಅದರ ಹುಳಿ ಮತ್ತು ನಾವು ಹಾಕುವ ಉಪ್ಪು. ಆಹಾರದ ಪಿಎಚ್ 4.6ಕ್ಕಿಂತ ಕೆಳಗಿದ್ದರೆ ಬೊಟುಲಿನಂ ಬೆಳೆಯಲಾರದು, ಮಾವಿನಮಿಡಿ ಅದಕ್ಕಿಂತ ಎಷ್ಟೋ ಹುಳಿ. ಮೇಲಿನ ಎಣ್ಣೆ ಗಾಳಿ ತಡೆದು ಬೂಷ್ಟು ಬರದಂತೆ ನೋಡಿಕೊಳ್ಳುತ್ತದೆ, ಅಷ್ಟೆ. ಬಿಪಿಗೆ ಹೆದರಿ ಉಪ್ಪು ಅರ್ಧ ಮಾಡುವ ‘ಹೆಲ್ದಿ’ ಉಪ್ಪಿನಕಾಯಿ ಫ್ರಿಜ್ಜಿನಲ್ಲಿ ಕೆಲವು ವಾರಕ್ಕೆ ಸರಿ, ಭರಣಿಯಲ್ಲಿ ವರ್ಷಕ್ಕಲ್ಲ. ಉಪ್ಪು ಬೇಡದವರು ಉಪ್ಪಿನಕಾಯಿ ಕಡಿಮೆ ತಿನ್ನಲಿ.

ಜೇನು ಕೆಡುವುದಿಲ್ಲ ಎನ್ನುವುದು ನಿಜ. ಆದರೆ ವರ್ಷ ತುಂಬದ ಕೂಸಿನ ನಾಲಿಗೆಗೆ ಅದನ್ನು ನೆಕ್ಕಿಸಬಾರದು, ಅದೇ ಬೀಜಕಣಗಳ ಕಾರಣಕ್ಕೆ.

“ರೇಷನ್ ಅಕ್ಕಿಯಲ್ಲಿ ಪ್ಲಾಸ್ಟಿಕ್ ಇದೆ”

ಬಣ್ಣ ತುಸು ಬೇರೆಯಾಗಿ, ನೀರಿನಲ್ಲಿ ತೇಲುವ ಆ ಕಾಳುಗಳು ಸಾರವರ್ಧಿತ ಅಕ್ಕಿಯವು. ಅಕ್ಕಿ ಹಿಟ್ಟಿಗೆ ಕಬ್ಬಿಣಾಂಶ, ಫೋಲಿಕ್ ಆಮ್ಲ, ಬಿ12 ಸೇರಿಸಿ ಅಕ್ಕಿಯ ಆಕಾರಕ್ಕೆ ಒತ್ತಿ, ನೂರಕ್ಕೆ ಒಂದರಂತೆ ಬೆರೆಸುತ್ತಾರೆ. ಆರಿಸಿ ಎಸೆದರೆ ಹೋಗುವುದು ರಕ್ತಹೀನತೆಗೆಂದು ಕೊಟ್ಟ ಮದ್ದು.

“ತುರ್ತು ತಯಾರಿ ಅಂದರೆ ವರ್ಷದ ದಾಸ್ತಾನು”

ನಮ್ಮ ತುರ್ತು ಬೇರೆ ತರಹದ್ದು. 2021ರ ಜುಲೈನಲ್ಲಿ ಅಣಶಿ ಘಟ್ಟ ಕುಸಿದು ಜೊಯಿಡಾ–ಕಾರವಾರ ದಾರಿ ಕಡಿದುಹೋಯಿತು. ಸೂಪಾ ಅಣೆಕಟ್ಟೆಯ ನೀರಿನಿಂದ ಕರೆಂಟು ಹುಟ್ಟುವ ತಾಲೂಕಿನಲ್ಲೇ, ಕಾಡಿನ ನಡುವಿನ ತಂತಿಯ ಮೇಲೆ ಮರ ಬಿದ್ದರೆ ಹಳ್ಳಿಗಳು ದಿನಗಟ್ಟಲೆ ಕತ್ತಲಲ್ಲಿರುತ್ತವೆ. ದಾಂಡೇಲಿ ಪೇಟೆಯವರಿಗೆ ಮೂರು ದಿನದ ಸಾಮಾನು ಸಾಕಾದೀತು. ಘಟ್ಟದಂಚಿನ ಹಳ್ಳಿಗಳಿಗೆ ಎರಡು ವಾರದ್ದು ಬೇಕು ಎಂಬುದು ನನ್ನ ಲೆಕ್ಕ. ಅದೂ ದಿನಾ ತಿನ್ನುವುದನ್ನೇ ಸ್ವಲ್ಪ ಹೆಚ್ಚು ತಂದು, ಹಳೆಯದನ್ನು ಮೊದಲು ಖರ್ಚು ಮಾಡುತ್ತ ಹೋಗುವುದು. ಒಲೆ ಹೊತ್ತದ ದಿನಕ್ಕೆ ಅವಲಕ್ಕಿ, ಚುರುಮುರಿ, ಬೆಲ್ಲ, ಖಡಕ್ ರೊಟ್ಟಿ, ಶೇಂಗಾ ಚಟ್ನಿ. 2018ರಲ್ಲಿ ಕೊಡಗು ಮುಳುಗಿದಾಗ ಉತ್ತರ ಕರ್ನಾಟಕದವರು ಗಂಟುಗಟ್ಟಿ ಕಳಿಸಿದ್ದು ರೊಟ್ಟಿಯನ್ನೇ.

ಕರೆಂಟು ಹೋದಾಗ ಫ್ರಿಜ್ಜಿನ ಬಾಗಿಲು ತೆರೆಯದಿದ್ದರೆ ಒಳಗಿನ ತಂಪು ಸುಮಾರು 4 ತಾಸು ನಿಲ್ಲುತ್ತದೆ, ತುಂಬಿದ ಫ್ರೀಜರ್ ಎರಡು ದಿನ. ಲೋಟದಲ್ಲಿ ನೀರು ಹೆಪ್ಪುಗಟ್ಟಿಸಿ ಮೇಲೊಂದು ನಾಣ್ಯ ಇಡುವ ವಿಡಿಯೊ ನೋಡಿದ್ದರೆ ಅದನ್ನು ನಂಬಬಹುದು. ಊರಿಂದ ಬಂದು ನೋಡುವಾಗ ನಾಣ್ಯ ತಳ ಸೇರಿದ್ದರೆ ಮಂಜು ಪೂರ್ತಿ ಕರಗಿ ಮತ್ತೆ ಗಟ್ಟಿಯಾಗಿದೆ, ಒಳಗಿನ ಮೀನು ಮಾಂಸ ಎಸೆಯಿರಿ.

ನೀರಿಗೆ ಇಷ್ಟು ಹನಿ ಬ್ಲೀಚ್ ಎನ್ನುವ ಲೆಕ್ಕ ಅಮೆರಿಕದ ದ್ರವ ಬ್ಲೀಚಿನದು, ನಮ್ಮ ಬ್ಲೀಚಿಂಗ್ ಪೌಡರಿನದಲ್ಲ. ಬಾವಿಗೋ ಟಾಕಿಗೋ ಒಳ್ಳೆಯ ಪೌಡರ್ ಆದರೆ ಸಾವಿರ ಲೀಟರ್‌ಗೆ ಸುಮಾರು 2.5 ಗ್ರಾಂ, ಹಾಕಿದ ಮೇಲೆ ಒಂದು ತಾಸು ಬಿಡಬೇಕು. ಚೀಲ ತೆರೆದು ತಿಂಗಳುಗಳಾಗಿದ್ದರೆ ಅದರ ಕ್ಲೋರಿನ್ ಹಾರಿಹೋಗಿರುತ್ತದೆ. ಪಟಿಕ ತಿರುವಿದರೆ ಕೆಸರು ಕೂರುತ್ತದೆ, ರೋಗಾಣು ಸಾಯುವುದಿಲ್ಲ. ಕೊಡದ ನೀರಿಗೆ ಕುದಿಸುವುದೇ ಲೇಸು, ಅದಕ್ಕೆ ಒಣ ಕಟ್ಟಿಗೆ ಮೊದಲೇ ಒಳಗಿರಬೇಕು. ಟವರ್ ಬಿದ್ದ ದಿನ ವಿಡಿಯೊ ಓಡುವುದಿಲ್ಲವಾದ್ದರಿಂದ ಉಪ್ಪಿನ ಪರೀಕ್ಷೆ, ಪೌಡರಿನ ಅಳತೆ, ಜಿಲ್ಲಾ ವಿಪತ್ತು ನಿಯಂತ್ರಣ ಕೊಠಡಿಯ 1077 ಇಷ್ಟನ್ನು ಕಾಗದದ ಮೇಲೆ ಬರೆದು ಡ್ರಮ್ಮಿನ ಮುಚ್ಚಳಕ್ಕೆ ಅಂಟಿಸಿಡಿ.