ಸಂಜೆಯ ಹೊಸ ತಾಣ

ಮನುಷ್ಯನಿಗೆ ಮನೆಯೊಂದಿದ್ದರೆ ಸಾಲದು. ಸಂಜೆಯ ಹೊತ್ತು ಗೆಳೆಯರೊಡನೆ ಕುಳಿತು ಮಾತನಾಡಲು ಮತ್ತೊಂದು ಜಾಗವೂ ಬೇಕಷ್ಟೆ. ನಮಗೆ ಅಂತಹ ಜಾಗವಾಗಿದ್ದುದು ಬೆಂಗಳೂರಿನ ಮಹಾತ್ಮ ಗಾಂಧಿ ರಸ್ತೆಯ ಕಾಫಿ ಹೌಸು. ಕಾಫಿ ಮಂಡಲಿಯು ತನ್ನ ಕಾಫಿ ಹೌಸುಗಳನ್ನು ಮುಚ್ಚಿದಾಗ ಕೆಲಸ ಕಳೆದುಕೊಂಡ ನೌಕರರು 1957ರಲ್ಲಿ ಸಹಕಾರ ಸಂಘವನ್ನು ಕಟ್ಟಿಕೊಂಡು, ತಾವೇ ಒಡೆಯರೂ ತಾವೇ ಮಾಣಿಗಳೂ ಆಗಿ ನಡೆಸಿದ ಸಂಸ್ಥೆಯದು. 2009ರಲ್ಲಿ ಅದು ಆ ಕಟ್ಟಡವನ್ನು ಬಿಡಬೇಕಾಗಿ ಬಂದಾಗ ನಾವು ನಾಲ್ವರು ನೆಲೆ ತಪ್ಪಿದವರಾದೆವು.

ಮೊದಲು ಹೊಸದೊಂದು ಉಪಾಹಾರಗೃಹವನ್ನು ಪರೀಕ್ಷಿಸಿ ನೋಡಿದೆವು. ಮೆತ್ತನೆಯ ಆಸನ, ಒಳ್ಳೆಯ ಕಾಫಿ, ಕುಂದೆನ್ನುವಂತಿರಲಿಲ್ಲ. ಆದರೆ ಅಲ್ಲಿಯ ಸಂಗೀತದ ಅಬ್ಬರದಲ್ಲಿ, ಕಿವಿ ಮಂದವಾದ ನಮ್ಮ ಹಿರಿಯ ಮಿತ್ರರು ಏನೂ ಕೇಳಿಸದೆ, ನಾವು ನಕ್ಕಾಗ ತಾವೂ ನಕ್ಕು ಸುಮ್ಮನೆ ಕುಳಿತಿದ್ದರು. ಹೊರಡುವಾಗ, “ಇನ್ನು ಮೇಲೆ ನೀವು ಮೂವರೇ ಬನ್ನಿ” ಎಂದರು. ಆ ಮಾತಿಗೆ ನಾವು ಉತ್ತರ ಕೊಡಲಾರದೆ ಹೋದೆವು.

ಮುಂದಿನ ವಾರ, ಚರ್ಚ್ ಸ್ಟ್ರೀಟಿನಲ್ಲಿ ಮತ್ತೆ ತೆರೆದಿದ್ದ ಕಾಫಿ ಹೌಸಿಗೆ ಅವರನ್ನು ಬಲವಂತದಿಂದ ಕರೆದೊಯ್ದೆವು. ಗೋಡೆಗಳು ಹೊಸವು, ಮಾಣಿಗಳ ಬಿಳಿಯ ಉಡುಪು, ರುಮಾಲುಗಳು ಹಳೆಯವೇ. ಒಂದು ಬಟ್ಟಲು ಕಾಫಿಯ ಮುಂದೆ ಬಹಳ ಹೊತ್ತು ಕುಳಿತರೂ ಏಳಿರೆಂದವರಿಲ್ಲ. ಮಿತ್ರರು ಮೇಜಿನ ಮೇಲೆ ಬಾಗಿ, ನಾವು ಎಷ್ಟೋ ಸಲ ಕೇಳಿದ್ದ ತಮ್ಮ ಬಾಲ್ಯದ ಕಥೆಯೊಂದನ್ನು ಆರಂಭಿಸಿದರು. ಅಂದು ಅದು ಹೊಸದಾಗಿಯೇ ಕೇಳಿಸಿತು.

ವಾಚಕರೇ, ಹೊಸ ತಾಣವನ್ನು ಆರಿಸುವಾಗ ಕಾಫಿಯ ರುಚಿಗಿಂತ ಮೊದಲು, ಬಳಗದಲ್ಲಿ ಅಶಕ್ತರಾದವರಿಗೆ ಅಲ್ಲಿ ಎಡೆಯುಂಟೇ ಎಂಬುದನ್ನು ನೋಡಬೇಕು.