ಹಳೆ ಯಂತ್ರಕ್ಕೆ ಬೆಲೆ ಕಟ್ಟುವ ಬಗೆ

ಹಳೆಯ ಕೃಷಿ ಯಂತ್ರದ ಬೆಲೆ ತೂಕದಿಂದ ಶುರುವಾಗುತ್ತದೆ. ಯಂತ್ರ ಓಡುತ್ತಿರಲಿ, ಕೆಟ್ಟು ನಿಂತಿರಲಿ, ಗುಜರಿಯವನು ಕಿಲೋ ಲೆಕ್ಕದಲ್ಲಿ ಕೊಡುವ ಹಣಕ್ಕಿಂತ ಕೆಳಗೆ ಅದು ಇಳಿಯದು. ರಾಮನಗರ, ಚನ್ನಪಟ್ಟಣ, ಕನಕಪುರ, ಮಾಗಡಿ ಸೀಮೆಯಲ್ಲಿ ಹಿತ್ತಿಲಲ್ಲೋ ಕಣದ ಮೂಲೆಯಲ್ಲೋ ನಿಂತುಬಿಟ್ಟ ಟ್ರ್ಯಾಕ್ಟರು, ಟಿಲ್ಲರು, ಡೀಸೆಲ್ ಇಂಜಿನ್ನುಗಳ ವ್ಯಾಪಾರಕ್ಕೂ ಇದೇ ತಳಪಾಯ. ಅದರ ಮೇಲೆ ಎಷ್ಟು ಏರಿಸಬಹುದು ಎಂಬುದು ಮಾತ್ರ ಕೊಳ್ಳುವವನು ಯಾರು ಎಂಬುದರ ಮೇಲೆ ನಿಂತಿದೆ. ಉಳುವವನಿಗೆ ಒಂದು ಬೆಲೆ, ನೋಡಿ ಸಂತೋಷಪಡುವವನಿಗೆ ಬೇರೊಂದು.

ಪುಸ್ತಕದ ಲೆಕ್ಕ ಇಲ್ಲಿ ಹೆಚ್ಚು ದೂರ ಬರುವುದಿಲ್ಲ. ಆದಾಯ ತೆರಿಗೆ ನಿಯಮದಂತೆ ಸಾಮಾನ್ಯ ಯಂತ್ರಗಳಿಗೆ ವರ್ಷಕ್ಕೆ ಶೇ. 15 ಸವಕಳಿ. 6 ಲಕ್ಷ ರೂಪಾಯಿಯ ಟ್ರ್ಯಾಕ್ಟರು ಈ ಲೆಕ್ಕದಲ್ಲಿ ಹತ್ತು ವರ್ಷಕ್ಕೆ ಸುಮಾರು 1.18 ಲಕ್ಷಕ್ಕೂ ಇಪ್ಪತ್ತು ವರ್ಷಕ್ಕೆ 23 ಸಾವಿರಕ್ಕೂ ಇಳಿಯುತ್ತದೆ. ಅದೇ ಯಂತ್ರ 1,800 ಕಿಲೋ ತೂಗಿ, ಗುಜರಿ ದರ ಕಿಲೋಗೆ 30 ರೂಪಾಯಿ ಇದೆ ಎಂದಿಟ್ಟುಕೊಂಡರೆ, ಬರೀ ಕಬ್ಬಿಣವೇ 54 ಸಾವಿರ! ಹಾಗಾಗಿ ಅನುಭವಿಗಳು ವಯಸ್ಸನ್ನು ಕಳೆಯುತ್ತ ಕೂರುವುದಿಲ್ಲ. ಅದೇ ಮಾದರಿಯ, ಚೆನ್ನಾಗಿ ಓಡುವ ಗಾಡಿ ಸುತ್ತಮುತ್ತ ಎಷ್ಟಕ್ಕೆ ಹೋಗಿದೆ ಎಂದು ವಿಚಾರಿಸಿ, ಎದುರಿಗಿರುವುದನ್ನು ಆ ಸ್ಥಿತಿಗೆ ತರಲು ತಗಲುವ ರಿಪೇರಿ ಖರ್ಚನ್ನು ಅದರಿಂದ ಕಳೆಯುತ್ತಾರೆ.

ಮಾದರಿ ಮುಖ್ಯವಾಗುವುದು ಬಿಡಿಭಾಗಗಳಿಂದ. ಮದ್ರಾಸಿನ ಟಾಫೆ 1960ರ ದಶಕದಿಂದ ತಯಾರಿಸಿದ ಮ್ಯಾಸಿ ಫರ್ಗ್ಯುಸನ್, ಮಹೀಂದ್ರಾದ ಬಿ-275 ಮುಂತಾದವು ಲೆಕ್ಕವಿಲ್ಲದಷ್ಟು ಮಾರಾಟವಾಗಿರುವುದರಿಂದ ಅವುಗಳ ಪಿಸ್ಟನ್, ಲೈನರ್, ಗೇರುಗಳಿಗೆ ಅಲೆಯಬೇಕಿಲ್ಲ. ಊರ ಮೆಕ್ಯಾನಿಕ್ಕಿಗೂ ಕೈ ಕೂತಿರುತ್ತದೆ. ಎಚ್‌ಎಂಟಿಯ ಕಥೆ ಬೇರೆ. ಝೆಕೊಸ್ಲೊವಾಕಿಯಾದ ಸಹಯೋಗದಲ್ಲಿ 1971ರಲ್ಲಿ ಪಿಂಜೋರ್‌ನಲ್ಲಿ ಶುರುವಾದ ಅದರ ಟ್ರ್ಯಾಕ್ಟರ್ ವಿಭಾಗವನ್ನು ಮುಚ್ಚಲು 2016ರಲ್ಲಿ ತೀರ್ಮಾನವಾಯಿತು. ತಯಾರಿಕೆ ನಿಂತ ಯಂತ್ರದ ಬೆಲೆ ಉಳುವವರ ಲೆಕ್ಕದಲ್ಲಿ ಕುಗ್ಗುತ್ತದೆ, ಸಂಗ್ರಹಿಸುವವರ ಲೆಕ್ಕದಲ್ಲಿ ನಿಧಾನಕ್ಕೆ ಏರುತ್ತದೆ. ಹಿಪ್ಪುನೇರಳೆ ಸಾಲುಗಳ ನಡುವೆ ನುಗ್ಗಬಲ್ಲ ಪವರ್ ಟಿಲ್ಲರಿಗೆ ಈ ಸೀಮೆಯಲ್ಲಿ ಕೆಲಸ ತಪ್ಪದು. ಬೆಂಗಳೂರಿನಲ್ಲಿ 1967ರಲ್ಲಿ ಹುಟ್ಟಿ, ಮಿತ್ಸುಬಿಷಿ ಸಹಯೋಗದಲ್ಲಿ ಟಿಲ್ಲರ್ ತಯಾರಿಸಿದ ವಿಎಸ್‌ಟಿಯ ಹಳೆ ಗಾಡಿಗಳನ್ನು ಕೇಳುವವರು ಇದ್ದೇ ಇರುತ್ತಾರೆ.

ಪರೀಕ್ಷೆ ತಣ್ಣಗಿನ ಇಂಜಿನ್ನಿನಿಂದಲೇ ಆಗಬೇಕು. ಕೊಳ್ಳುವವರು ಬರುವ ಮುಂಚೆಯೇ ಚಾಲೂ ಮಾಡಿ ಬಿಸಿಯಾಗಿಟ್ಟಿದ್ದರೆ ಅನುಮಾನಿಸುವುದು ನ್ಯಾಯ. ಹೊಗೆಯ ಬಣ್ಣ ಬಹಳ ಹೇಳುತ್ತದೆ: ನೀಲಿ ಹೊಗೆ ನಿಲ್ಲದಿದ್ದರೆ ಆಯಿಲ್ ಉರಿಯುತ್ತಿದೆ, ರಿಂಗು-ಲೈನರ್ ಸವೆದಿವೆ, ಕಪ್ಪು ಹೊಗೆ ಇಂಜೆಕ್ಟರಿನದೋ ಏರ್ ಫಿಲ್ಟರಿನದೋ ತೊಂದರೆ, ಅದು ಅಷ್ಟು ದುಬಾರಿಯಲ್ಲ. ಬಿಸಿಯಾದ ಮೇಲೂ ಬಿಳಿ ಹೊಗೆ ಬಂದರೆ ನೀರು ಒಳಗೆ ಸೇರುತ್ತಿರಬಹುದು, ಆಗ ಹೆಡ್ ಬಿಚ್ಚದೆ ಬೆಲೆ ಹೇಳಬಾರದು. ಹಿಂದೆ ಕಲ್ಟಿವೇಟರ್ ಸಿಕ್ಕಿಸಿ ಎತ್ತಿ ಇಂಜಿನ್ ನಿಲ್ಲಿಸಿದಾಗ ಅದು ಸರಸರ ಕೆಳಗಿಳಿದರೆ ಹೈಡ್ರಾಲಿಕ್ಕಿಗೆ ಖರ್ಚಿದೆ. ಬೀಡು ಕಬ್ಬಿಣದ ಬ್ಲಾಕಿನ ಮೇಲೆ ವೆಲ್ಡಿಂಗ್ ಗೆರೆ ಕಂಡರೆ ರಾಜಿ ಬೇಡ. ಗಂಟೆ ಮೀಟರನ್ನು ಮಾತ್ರ ಯಾರೂ ನಂಬುವುದಿಲ್ಲ. ಸ್ಟೀರಿಂಗಿನ ಅಲುಗಾಟ, ಕ್ಲಚ್ ಪೆಡಲಿನ ಸವೆತ, ಹಿಂದಿನ ಟೈರಿನ ಕಟ್ಟೆ ಅದಕ್ಕಿಂತ ನಿಜ ಹೇಳುತ್ತವೆ. ಹೊಸದಾಗಿ ಹೊಡೆದ ಪೇಂಟು ಸುಮ್ಮನೆ ಹೊಡೆದದ್ದಲ್ಲ ಎಂಬುದೂ ಇದೇ ಕಸುಬಿನ ತಿಳಿವಳಿಕೆ.

ಇಷ್ಟಾದ ಮೇಲೂ ಕಾಗದ ಸರಿಯಿಲ್ಲದಿದ್ದರೆ ವ್ಯವಹಾರ ಬೀಳುತ್ತದೆ. ಕೃಷಿ ಟ್ರ್ಯಾಕ್ಟರಿನ ನೋಂದಣಿ 15 ವರ್ಷ ನಡೆಯುತ್ತದೆ, ಆಮೇಲೆ ಐದೈದು ವರ್ಷಕ್ಕೆ ನವೀಕರಣ. ಮಾರಾಟಕ್ಕೆ ನಮೂನೆ 29, 30 ಬೇಕು. ಬ್ಯಾಂಕ್ ಸಾಲವಿದ್ದ ಗಾಡಿಯಾದರೆ ಸಾಲ ತೀರಿದ್ದಕ್ಕೆ ನಮೂನೆ 35. ಆರ್‌ಸಿ ತೀರಿಹೋದ ಅಜ್ಜನ ಹೆಸರಿನಲ್ಲೇ ಉಳಿದಿದ್ದರೆ ವಾರಸುದಾರರು ಮೊದಲು ನಮೂನೆ 31ರಲ್ಲಿ ತಮ್ಮ ಹೆಸರಿಗೆ ಮಾಡಿಕೊಳ್ಳಬೇಕು, ಅಲ್ಲಿ ಅಣ್ಣತಮ್ಮಂದಿರ ಒಪ್ಪಿಗೆಯೇ ದೊಡ್ಡ ತೊಡಕು. ಕಾಗದವಿಲ್ಲದ ಗಾಡಿ ಎಷ್ಟೇ ಚೆನ್ನಾಗಿ ಓಡಿದರೂ ಬಿಡಿಭಾಗದ ಬೆಲೆಗೇ ಹೋಗುತ್ತದೆ. 2021ರಲ್ಲಿ ಬಂದ ವಿಂಟೇಜ್ ವಾಹನ ನೋಂದಣಿಯೂ ನೆರವಾಗದು. 50 ವರ್ಷ ದಾಟಿದ ದ್ವಿಚಕ್ರ ವಾಹನ ಮತ್ತು ಕಾರುಗಳಿಗಾಗಿ ಮಾಡಿದ ವ್ಯವಸ್ಥೆ ಅದು.

ಡೀಸೆಲ್ ಪಂಪ್‌ಸೆಟ್ಟಿನ ಬೆಲೆಯನ್ನು ಕೆಡಿಸಿದ್ದು ಅಂತರ್ಜಲ. ನೆಲದ ಮೇಲಿನ ಪಂಪು ನೀರನ್ನು ಹೀರಿ ಎತ್ತಬಲ್ಲದ್ದು ವ್ಯವಹಾರದಲ್ಲಿ ಸುಮಾರು 7 ಮೀಟರ್ ಮಾತ್ರ. ತೆರೆದ ಬಾವಿಗಳು ಬತ್ತಿ ಬೋರ್‌ವೆಲ್, ಸಬ್‌ಮರ್ಸಿಬಲ್ ಬಂದ ಮೇಲೆ ಇಂಜಿನ್ ಗಟ್ಟಿಯಾಗಿದ್ದರೂ ಕೆಲಸವಿಲ್ಲದೆ ನಿಂತಿತು. ಕೊಳ್ಳುವವರ ಕಣ್ಣು ಈಗ ಅದರ ಹೆಸರು ತಗಡಿನ ಮೇಲೆ. ಇಂಗ್ಲೆಂಡಿನ ಡರ್ಸ್ಲಿಯಲ್ಲಿ ತಯಾರಾದ ಲಿಸ್ಟರ್, ನಿಮಿಷಕ್ಕೆ 650 ಸುತ್ತಿನಲ್ಲಿ 6 ಅಶ್ವಶಕ್ತಿ ಕೊಡುವ, ಎರಡು ಭಾರಿ ಗಾಲಿಗಳ ಇಂಜಿನ್ನು. ಗುಜರಾತಿನ ರಾಜಕೋಟ್‌ನಲ್ಲಿ ಅದರದ್ದೇ ನಕಲುಗಳು ಸಾವಿರಗಟ್ಟಲೆ ಎರಕವಾದವು. ನೀರೆತ್ತುವಾಗ ಎರಡಕ್ಕೂ ಹೆಚ್ಚಿನ ವ್ಯತ್ಯಾಸವಿರಲಿಲ್ಲ, ಸಂಗ್ರಹಕಾರನ ಕಣ್ಣಿಗೆ ಅಜಗಜಾಂತರ. ತಗಡನ್ನು ಉಜ್ಜಿ ಹೊಳಪಿಸಿ, ಗಾಲಿಗೆ ಕೆಂಪು ಬಣ್ಣ ಹಚ್ಚಿ ನಿಲ್ಲಿಸುವವರು ಅರಿಯದೆ ಬೆಲೆ ಕಡಿಮೆ ಮಾಡಿಕೊಳ್ಳುತ್ತಾರೆ. ಮೂಲ ಬಣ್ಣದ ಮೇಲಿನ ಎಣ್ಣೆ ಜಿಡ್ಡು ಹಾಗೆಯೇ ಇದ್ದರೆ ವಾಸಿ.

ಬೆಂಗಳೂರು-ಮೈಸೂರು ಹೆದ್ದಾರಿಯ ಬದಿಯ ರೆಸಾರ್ಟು, ಹೋಟೆಲುಗಳ ಅಂಗಳಕ್ಕೆ ಬೇಕಾಗುವುದು ಈ ನೋಟದ ಸರಕು. ಅಲ್ಲಿ ಓಡುವ ಇಂಜಿನ್ನಿಗೂ ಸೀಜ಼್ ಆದದ್ದಕ್ಕೂ ಒಂದೇ ಬೆಲೆ. ರೇಷ್ಮೆಹುಳು ಗೂಡು ಕಟ್ಟುವ, ತೂಕವೇ ಇಲ್ಲದ ಬಿದಿರಿನ ಚಂದ್ರಿಕೆ ಗುಜರಿಗೆ ಬೇಡ, ಗೋಡೆಯ ಅಲಂಕಾರಕ್ಕೆ ಬೇಕು. ಎಚ್.ಎಲ್. ನಾಗೇಗೌಡರು ರಾಮನಗರದ ಬಳಿ ಕಟ್ಟಿದ ಜಾನಪದ ಲೋಕದಲ್ಲಿ ನೇಗಿಲು, ಕೂರಿಗೆಗಳನ್ನು ನೋಡಿ ಬಂದವರಿಗೆ ಯಾವ ಭಾಗ ಮೂಲದ್ದು, ಯಾವುದು ಆಮೇಲೆ ಸೇರಿದ್ದು ಎಂದು ಗುರುತಿಸುವುದು ಸಲೀಸು. ‘ಪ್ರಾಚೀನ’ ಎಂಬ ಮಾತನ್ನು ಮಾತ್ರ ಮಾರುವವರು ಧಾರಾಳವಾಗಿ ಬಳಸುತ್ತಾರೆ. 1972ರ ಪ್ರಾಚ್ಯವಸ್ತು ಕಾಯ್ದೆಯಲ್ಲಿ ಇಂಥ ವಸ್ತುಗಳಿಗೆ ಕನಿಷ್ಠ 100 ವರ್ಷ ಆಗಿರಬೇಕು. ಬೆಳಗಾವಿಯಲ್ಲಿ ಸೈಕಲ್ ಅಂಗಡಿಯಿಂದ ಶುರುಮಾಡಿದ ಲಕ್ಷ್ಮಣರಾವ್ ಕಿರ್ಲೋಸ್ಕರರು 1903ರಲ್ಲಿ ತಯಾರಿಸಿದ ಕಬ್ಬಿಣದ ನೇಗಿಲಿನ ಕಾಲದ್ದಕ್ಕೆ ಆ ವಯಸ್ಸು ಬಂದಿದೆ. ಈ ಸೀಮೆಯ ಯಾವ ಎಚ್‌ಎಂಟಿಗೂ ಇನ್ನೂ ಬಂದಿಲ್ಲ.