ಪೀಪಾಯಿ ಹೊರದ ನಾಯಿಗಳ ಘಾಟಿ

ಮಾರ್ಟಿನಿ ಐನೂರು ಮೀಟರ್ ಎತ್ತರವೂ ಇಲ್ಲದ ತಗ್ಗಿನ ಊರು. ಸ್ವಿಟ್ಜರ್ಲೆಂಡಿನ ವಲೇ ಪ್ರಾಂತ್ಯದ ಈ ಬಯಲಲ್ಲಿ ದ್ರಾಕ್ಷಿ, ಏಪ್ರಿಕಾಟ್ ಬೆಳೆಯುತ್ತಾರೆ. ಜುಲೈ ತಿಂಗಳ ಬಿಸಿಲಿಗೆ ನಾವು ಮೈಸೂರಿನಿಂದ ಹೊತ್ತುಕೊಂಡು ಹೋಗಿದ್ದ ಸ್ವೆಟರುಗಳನ್ನು ನೋಡಿ ನಮಗೇ ನಾಚಿಕೆಯಾಯಿತು. ಇಲ್ಲಿಂದ ಓರ್ಸಿಯೇರ್‌ವರೆಗೆ ಪುಟ್ಟ ರೈಲು, ಅಲ್ಲಿಂದ ಮೇಲಕ್ಕೆ ಬಸ್ಸು. ತಿರುವು ತಿರುವಿನಲ್ಲಿ ಮರಗಳು ಕುಳ್ಳಗಾಗುತ್ತಾ ಹೋಗಿ, ಕಡೆಗೆ ಮರವೇ ಇಲ್ಲ. ಹುಲ್ಲು, ಆಮೇಲೆ ಹುಲ್ಲೂ ಇಲ್ಲ, ಬರೀ ಕಲ್ಲು. ಗ್ರೇಟ್ ಸೇಂಟ್ ಬರ್ನಾರ್ಡ್ ಘಾಟಿಯ ನೆತ್ತಿ 2,469 ಮೀಟರ್. ನಮ್ಮ ಮುಳ್ಳಯ್ಯನಗಿರಿ 1,930. ಕರ್ನಾಟಕದ ಅತಿ ಎತ್ತರದ ಶಿಖರಕ್ಕಿಂತ ಅರ್ಧ ಕಿಲೋಮೀಟರ್ ಮೇಲಿರುವ ಈ ಜಾಗ ಇಲ್ಲಿನವರ ಲೆಕ್ಕದಲ್ಲಿ ಬೆಟ್ಟವಲ್ಲ, ಎರಡು ಬೆಟ್ಟಗಳ ನಡುವೆ ನುಸುಳಿಕೊಳ್ಳಲು ಸಿಕ್ಕಿದ ಸಂದು.

ಇಷ್ಟು ದೂರ ಬಂದದ್ದು ನಮ್ಮ ಯಜಮಾನರ ಹಟಕ್ಕೆ. 2022ರಲ್ಲಿ '777 ಚಾರ್ಲಿ' ನೋಡಿ ಥಿಯೇಟರಿನಲ್ಲಿ ಕರ್ಚೀಫು ಒದ್ದೆ ಮಾಡಿಕೊಂಡ ಮಹಾನುಭಾವರು ಇವರು. ನಾಯಿಗೆ ಹಿಮ ತೋರಿಸಬೇಕೆಂದು ಹೊರಟ ಆ ಕಥೆಯ ಗುಂಗು ಹಿಡಿದು, 'ಹಿಮದಲ್ಲೇ ಹುಟ್ಟಿ ಬೆಳೆಯುವ ನಾಯಿಗಳನ್ನ ಒಂದ್ಸಲ ನೋಡ್ಬೇಕು ಕಣೇ' ಅಂತ ಶುರು ಹಚ್ಚಿದರು. ಮನೆಯಲ್ಲಿರುವ ನಾಯಿಗಳು ಕರಿಯ, ಬೆಳ್ಳಿ ಎರಡೂ ಬೀದಿಯಿಂದ ತಾವಾಗಿ ಒಳಬಂದವು. ಮೈಸೂರಿನ ಜನವರಿ ಚಳಿಗೇ ಗೋಣಿಚೀಲದೊಳಗೆ ಮುದುರಿಕೊಳ್ಳುವ ಜಾತಿ. ಅವುಗಳನ್ನು ನಂಜನಗೂಡಿನ ನಾದಿನಿಯ ಮನೆಗೆ ಬಿಟ್ಟು ವಿಮಾನ ಹತ್ತಿದೆವು. ರಿಟೈರಾದ ಮೇಲೆ ಗಂಡ-ಹೆಂಡಿರ ಮಧ್ಯೆ ಉಳಿಯುವ ಮಾತುಕತೆಯಲ್ಲಿ ಮುಕ್ಕಾಲುಪಾಲು ನಾಯಿಗಳ ಬಗ್ಗೆಯೇ ಇರುತ್ತದೆ ಅನ್ನುವುದು ನಾಯಿ ಸಾಕಿದವರಿಗೆ ಗೊತ್ತು.

ದಾರಿಯಲ್ಲಿ ಸಿಗುವ ಕಡೆಯ ದೊಡ್ಡ ಹಳ್ಳಿ ಬೂರ್-ಸೇಂಟ್-ಪಿಯೇರ್. 1800ರ ಮೇ ತಿಂಗಳಲ್ಲಿ ನೆಪೋಲಿಯನ್ ಸುಮಾರು 40,000 ಸೈನಿಕರೊಂದಿಗೆ ಈ ಘಾಟಿ ಹತ್ತಿ ಇಟಲಿಗಿಳಿದ. ಫಿರಂಗಿಗಳನ್ನು ಬಿಚ್ಚಿ, ಟೊಳ್ಳು ಕೊರೆದ ಮರದ ದಿಮ್ಮಿಗಳೊಳಗೆ ಮಲಗಿಸಿ, ಹಗ್ಗ ಕಟ್ಟಿ ಎಳೆದರು. ಚಿತ್ರಕಾರ ದಾವೀದ್ ಅವನನ್ನು ಮುಂಗಾಲೆತ್ತಿದ ಕುದುರೆ ಮೇಲೆ ಕೂರಿಸಿದ್ದಾನೆ; ನಿಜಕ್ಕೂ ಅವನು ಹತ್ತಿದ್ದು ಸ್ಥಳೀಯನೊಬ್ಬ ಹಿಡಿದು ನಡೆಸಿದ ಹೇಸರಗತ್ತೆಯ ಮೇಲೆ. ಈ ಹಳ್ಳಿಯವರಿಂದ ಮರ, ಪಾತ್ರೆಪಗಡ, ಕೂಲಿಯಾಳು ಎಲ್ಲ ಪಡೆದು, ಹಣ ಆಮೇಲೆ ಕೊಡುತ್ತೇನೆಂದು ಚೀಟಿ ಬರೆದುಕೊಟ್ಟು ಹೋದ. ಬಾಕಿ 45 ಸಾವಿರ ಫ್ರಾಂಕ್ ಚಿಲ್ಲರೆ. ಹಳ್ಳಿ ಆ ಚೀಟಿಯನ್ನು ಜೋಪಾನ ಮಾಡಿತು. 1984ರಲ್ಲಿ ಫ್ರಾನ್ಸಿನ ಅಧ್ಯಕ್ಷ ಮಿತರಾಂ ಕಡೆಯಿಂದ ಒಂದು ಸಾಂಕೇತಿಕ ಕಾಣಿಕೆ ಬಂತು. ಬಡ್ಡಿ ಲೆಕ್ಕ ಹಾಕತೊಡಗಿದ ಇವರನ್ನು ತಡೆಯುವುದು ಕಷ್ಟವಾಯಿತು. ಮೂವತ್ತು ವರ್ಷ ಬ್ಯಾಂಕಿನಲ್ಲಿ ಕೂತವರು ಬೇರೆ.

ಹಳ್ಳಿ ದಾಟಿದ ಮೇಲೆ ಲಾರಿ, ಕಾರುಗಳೆಲ್ಲ ಸುರಂಗದ ಕಡೆ ಹೊರಳುತ್ತವೆ. 1964ರಲ್ಲಿ ತೆರೆದ, ಸುಮಾರು ಆರು ಕಿಲೋಮೀಟರ್ ಉದ್ದದ ಆ ಸುರಂಗ ಬಂದಮೇಲೆ ನೆತ್ತಿ ಹತ್ತುವ ಜರೂರು ಯಾರಿಗೂ ಇಲ್ಲ. ಹಳೆಯ ರಸ್ತೆ ತೆರೆದಿರುವುದು ಜೂನ್‌ನಿಂದ ಅಕ್ಟೋಬರ್‌ವರೆಗೆ ಮಾತ್ರ. ಉಳಿದ ಕಾಲದಲ್ಲಿ ಮೇಲೆ ಹೋಗಬೇಕೆಂದರೆ ಸ್ಕೀ ಕಟ್ಟಿಕೊಂಡೋ ಹಿಮಪಾದುಕೆ ತೊಟ್ಟೋ ಸುರಂಗದ ಬಾಯಿಂದ ಆರು ಕಿಲೋಮೀಟರ್ ನಡೆಯಬೇಕು. ಹಾಗೆ ನಡೆದು ಬರುವವರು ಈಗಲೂ ಇದ್ದಾರೆ.

ಬಸ್ಸಿಳಿದಾಗ ಮೊದಲು ಕಂಡದ್ದು ಗಾಳಿ. ಅದು ಕಾಣುವುದಿಲ್ಲ ನಿಜ, ಆದರೆ ಅಂಗಡಿಯೊಂದರ ಮುಂದೆ ನೇತುಹಾಕಿದ್ದ ಬಟ್ಟೆ ನಾಯಿಗಳೆಲ್ಲ ಒಂದೇ ದಿಕ್ಕಿಗೆ ಹಾರಾಡುತ್ತಿದ್ದವು. ಪ್ರತಿಯೊಂದರ ಕೊರಳಲ್ಲೂ ಒಂದೊಂದು ಪುಟ್ಟ ಮರದ ಪೀಪಾಯಿ. ಹಿಮದಲ್ಲಿ ಹೂತವನಿಗೆ ಬ್ರಾಂಡಿ ಕುಡಿಸಿ ಬದುಕಿಸುವ ನಾಯಿ ಅನ್ನುವ ಚಿತ್ರ ಲೋಕಕ್ಕೆಲ್ಲ ಗೊತ್ತು. ಅದು ಹುಟ್ಟಿದ್ದು ಇಲ್ಲಲ್ಲ, ಇಂಗ್ಲೆಂಡಿನಲ್ಲಿ. 1820ರಲ್ಲಿ ಎಡ್ವಿನ್ ಲ್ಯಾಂಡ್‌ಸಿಯರ್ ಎಂಬ ಹದಿಹರೆಯದ ಚಿತ್ರಕಾರ ಹಿಮದಲ್ಲಿ ಬಿದ್ದ ಪ್ರಯಾಣಿಕನನ್ನು ಎಚ್ಚರಿಸುವ ಎರಡು ನಾಯಿಗಳನ್ನು ಬರೆದು, ಒಂದರ ಕೊರಳಿಗೆ ಪೀಪಾಯಿ ತೂಗಿಬಿಟ್ಟ. ಅಲ್ಲಿಂದ ಪ್ರವಾಸಿಗರು ಪೀಪಾಯಿ ಎಲ್ಲಿ ಅಂತ ಕೇಳುತ್ತಲೇ ಇದ್ದಾರೆ, ಅಂಗಡಿಗಳು ಮಾರುತ್ತಲೇ ಇವೆ. ಚಳಿಗೆ ಮೈ ಸೆಟೆದವನಿಗೆ ಹೆಂಡ ಕುಡಿಸಿದರೆ ಚರ್ಮದ ರಕ್ತನಾಳಗಳು ಹಿಗ್ಗಿ ಒಳಗಿನ ಬಿಸಿ ಇನ್ನಷ್ಟು ಬೇಗ ಸೋರಿಹೋಗುತ್ತದೆ. ಬದುಕಿಸಲು ಹೋದ ನಾಯಿ ಕೊಂದುಬಂದ ಹಾಗಾಗುತ್ತಿತ್ತು.

'ರೀ, ಹದಿನೆಂಟು ಫ್ರಾಂಕ್ ಕೊಟ್ಟು ಸುಳ್ಳನ್ನ ಕೊಳ್ತೀರಾ?' ಅಂದೆ. 'ಸುಳ್ಳಾದ್ರೂ ಮುದ್ದಾಗಿದೆಯಲ್ಲೇ' ಅಂದರು.

ರಸ್ತೆಯ ಪಕ್ಕದಲ್ಲೇ ಛತ್ರ. ಚರ್ಚು, ಮಠ ಅಂದರೆ ಕಣ್ಣು ಗೋಪುರ ಹುಡುಕುತ್ತದೆ. ಇದು ಬ್ರಿಟಿಷರ ಕಾಲದ ಹಳೇ ಆಸ್ಪತ್ರೆಯ ಹಾಗೆ ದಪ್ಪ ಗೋಡೆ, ಸಣ್ಣ ಕಿಟಕಿಗಳ ಉದ್ದನೆಯ ಕಟ್ಟಡ. ಅವೋಸ್ತಾದ ಬರ್ನಾರ್ಡ್ ಎಂಬ ಪಾದ್ರಿ 1050ರ ಸುಮಾರಿಗೆ ಇದನ್ನು ಶುರುಮಾಡಿದ. ಅದಕ್ಕೂ ಮೊದಲು ಇಲ್ಲಿ ರೋಮನ್ನರ ಜುಪಿಟರ್ ದೇವಸ್ಥಾನವಿತ್ತು. ಸುರಕ್ಷಿತವಾಗಿ ಘಾಟಿ ದಾಟಿದವರು ಹರಕೆಯಾಗಿ ಒಪ್ಪಿಸಿದ ಹೆಸರು ಕೊರೆದ ಕಂಚಿನ ತಗಡುಗಳು, ನಾಣ್ಯಗಳು ಒಳಗಿನ ಮ್ಯೂಸಿಯಮ್ಮಿನಲ್ಲಿವೆ. ದೇವರು ಬದಲಾದ, ಗಾಳಿ ಅದೇ. ಬರ್ನಾರ್ಡ್ ಮಾಡಿದ ವ್ಯವಸ್ಥೆ ಇಷ್ಟೇ: ಯಾರೇ ಬರಲಿ, ಊಟ, ಬೆಂಕಿ, ಹಾಸಿಗೆ. ಸುಮಾರು ಸಾವಿರ ವರ್ಷದಿಂದ ಈ ಬಾಗಿಲಿಗೆ ಬೀಗ ಬಿದ್ದಿಲ್ಲ ಅನ್ನುತ್ತಾರೆ. ಅಗಸ್ಟಿನ್ ಪಂಥದ ಕೆಲವೇ ಪಾದ್ರಿಗಳು ಈಗಲೂ ಚಳಿಗಾಲ ಪೂರ್ತಿ ಮೇಲೆಯೇ ಇರುತ್ತಾರೆ. ನಾವು ತಳ್ಳಿದ ತಕ್ಷಣ ಬಾಗಿಲು ತೆರೆದುಕೊಂಡಿತು. ಕಲ್ಲುಹಾಸಿನ ಓಣಿ, ಸೂಪಿನ ವಾಸನೆ, ಸಾಲಾಗಿ ಬಿಟ್ಟ ಕೆಸರು ಬೂಟುಗಳು. ಉದ್ದ ಮೇಜಿನ ಮುಂದೆ ಕೂತವರಲ್ಲಿ ಬೆನ್ನಚೀಲ ಹೊತ್ತ ಕಾಲುನಡಿಗೆಯವರೇ ಹೆಚ್ಚು; ಕ್ಯಾಂಟರ್‌ಬರಿಯಿಂದ ರೋಮಿಗೆ ಹೋಗುವ ಹಳೆಯ ಯಾತ್ರೆಯ ದಾರಿ ಇದೇ ಘಾಟಿ ಮೇಲೆ ಹಾಯುತ್ತದೆ.

ಒಳಗಿನ ಚರ್ಚಿನಲ್ಲಿ ಬಂಗಾರ ಬಣ್ಣ ಎದ್ದುಹೊಡೆಯುತ್ತದೆ. ಮರೆಂಗೊ ಕದನದಲ್ಲಿ ಸತ್ತ ಜನರಲ್ ದೆಸೇಯ ಸಮಾಧಿ ನೆಪೋಲಿಯನ್ ಮಾತಿನಂತೆ ಇಲ್ಲೇ ಇದೆ. ಇದಕ್ಕಿಂತ ನನ್ನನ್ನು ಹಿಡಿದು ನಿಲ್ಲಿಸಿದ್ದು ಹೊರಗಿನ ಒಂದು ಸಣ್ಣ ಕಲ್ಲುಮನೆ. ಗುಂಡಿ ತೋಡಲಾಗದ ಬಂಡೆನೆಲ ಇದು. ಹಿಮದಲ್ಲಿ ಸತ್ತವರನ್ನು, ಯಾರಾದರೂ ನೆಂಟರು ಬಂದು ಗುರುತಿಸಲಿ ಎಂದು, ಆ ಮನೆಯೊಳಗೆ ಇಡುತ್ತಿದ್ದರು. ಒಣ ಚಳಿಗಾಳಿಗೆ ದೇಹ ಕೊಳೆಯುತ್ತಿರಲಿಲ್ಲ. 1846ರಲ್ಲಿ ಬಂದ ಚಾರ್ಲ್ಸ್ ಡಿಕನ್ಸ್ ಇದನ್ನು ಕಂಡು, ಮುಂದೆ 'ಲಿಟಲ್ ಡೊರಿಟ್' ಕಾದಂಬರಿಗೆ ತಂದ. ಬಾಗಿಲು ಈಗ ಗೋಡೆಯಾಗಿದೆ. ನಾಯಿಗಳ ಶೌರ್ಯದ ಕಥೆ ಹೇಳುವವರು ಈ ಮನೆಯ ಮುಂದೆ ನಿಲ್ಲುವುದು ಕಡಿಮೆ. ಸಿಕ್ಕಿದವರ ಲೆಕ್ಕ ಒಂದಾದರೆ, ಸಿಗದವರ ಲೆಕ್ಕ ಇಲ್ಲಿತ್ತು.

ನಾಯಿಗಳು ಈ ಛತ್ರಕ್ಕೆ ಬಂದದ್ದು ಹದಿನೇಳನೇ ಶತಮಾನದಲ್ಲಿ, ಕಾವಲಿಗೆ. ಚಳಿಗಾಲದಲ್ಲಿ ಬರುವವರೆಲ್ಲ ಸಾಧುಗಳಾಗಿರುತ್ತಿರಲಿಲ್ಲ. 1695ರ ಒಂದು ಚಿತ್ರದಲ್ಲಿ ಇಲ್ಲಿನ ನಾಯಿ ಕಾಣುತ್ತದೆ. ಹದಿನೆಂಟನೇ ಶತಮಾನದ ಆರಂಭದ ಬರಹದಲ್ಲಿ ಬರುವ ಮೊದಲ ಪ್ರಸ್ತಾಪವಂತೂ ಅಡುಗೆಮನೆಯದು: ಮಾಂಸ ಸುಡುವ ಸಲಾಕೆ ತಿರುಗಿಸಲು ಚಕ್ರವೊಂದನ್ನು ಮಾಡಿಸಿ ಅದರೊಳಗೆ ನಾಯಿ ಓಡಿಸುತ್ತಿದ್ದರಂತೆ! ಹೊರಗಿನ ಕೆಲಸ ಆಮೇಲಿನದು. ಕೆಳಗಿನ ಹಳ್ಳಿಯಿಂದ ಪ್ರಯಾಣಿಕರನ್ನು ಕರೆತರುವ ಆಳುಗಳ ಜೊತೆ ನಾಯಿಗಳನ್ನು ಕಳಿಸತೊಡಗಿದರು. ಅಗಲ ಎದೆಯಿಂದ ಹಿಮ ಸೀಳುತ್ತಾ ಮುಂದೆ ನಡೆದರೆ ಹಿಂದಿನವರಿಗೆ ದಾರಿ. ಮಂಜು ಕವಿದಾಗ, ದಾರಿ ಹೂತುಹೋದಾಗ ಮನೆಯ ದಿಕ್ಕು ಅವಕ್ಕೆ ಗೊತ್ತು. ಕುಸಿದ ಹಿಮದಡಿ ಮನುಷ್ಯರ ವಾಸನೆ ಹಿಡಿಯುತ್ತಿದ್ದವು. ಒಂಟಿ ನಾಯಿ ಹೋಗಿ ಜೀವ ಉಳಿಸಿ ಬಂತು ಅನ್ನುವುದಕ್ಕಿಂತ, ಬೆಳಗ್ಗೆ ಎದ್ದು ಆಳುಗಳೊಂದಿಗೆ ದಾರಿ ನೋಡಿಕೊಂಡು ಬರುವ ದಿನದ ಡ್ಯೂಟಿ ಅದು. ಪಾದ್ರಿಗಳು, ಆಳುಗಳು, ನಾಯಿಗಳು ಸೇರಿ ಉಳಿಸಿದ ಜೀವಗಳು ಎರಡು ಸಾವಿರ ದಾಟುತ್ತವೆ ಎನ್ನುವುದು ಇಲ್ಲಿನವರ ಅಂದಾಜು.

ಛತ್ರದ ಎದುರಿನ ನಾಯಿಮನೆಗೆ ಟಿಕೆಟ್ ಇದೆ. ಒಳಗೆ ಹೋದರೆ ಹುಲ್ಲು ಹಾಸಿದ ಕೊಟ್ಟಿಗೆಗಳು, ಚೊಕ್ಕಟ. ನಾಯಿವಾಸನೆ ಮಾತ್ರ ಮುಚ್ಚಿಡುವಂಥದ್ದಲ್ಲ. ಕಂದು-ಬಿಳಿ ಗುಡ್ಡಗಳು ಕವುಚಿ ಮಲಗಿದ್ದವು. ಒಂದು ಎದ್ದು ಬಂದು ಸರಳಿಗೆ ಮೂತಿ ಒತ್ತಿತು. ತಲೆಯೇ ನಮ್ಮ ಬೆಳ್ಳಿಯ ಅರ್ಧದಷ್ಟಿದೆ. ಜೊಲ್ಲು ಹಗ್ಗದಂತೆ ಇಳಿದು ಇವರ ಬೂಟಿನ ಮೇಲೆ ಬಿತ್ತು. ಇವರು ಕದಲಲಿಲ್ಲ, ಪ್ರಸಾದ ಬಿದ್ದವರ ಹಾಗೆ ನಿಂತರು. ಇವರ ಮನೆದೇವರು ಮೈಲಾರಲಿಂಗ. ಆ ದೇವರ ಭಕ್ತರಾದ ಗೊರವರು ನಾಯಿಗಳಂತೆ ಬೊಗಳುತ್ತಾ ದೋಣಿಯ ಊಟಕ್ಕೆ ಬಾಯಿ ಹಾಕುವುದನ್ನು ಹುಡುಗರಾಗಿದ್ದಾಗಿನಿಂದ ನೋಡಿದವರಿಗೆ ಮಠದಲ್ಲಿ ನಾಯಿ ಇರುವುದು ಬೆರಗಿನ ವಿಷಯವೇ ಆಗಲಿಲ್ಲ. 'ಇರ್ಬೇಕಾದ್ದೇ' ಅಂದರು.

ಮಠ ಈಗ ನಾಯಿಗಳ ಒಡೆತನ ಇಟ್ಟುಕೊಂಡಿಲ್ಲ. ನಾಲ್ಕಾರು ಪಾದ್ರಿಗಳು ಎಷ್ಟು ನಾಯಿ ನೋಡಿಕೊಂಡಾರು? ಹೆಲಿಕಾಪ್ಟರು ಬಂದಮೇಲೆ, ಅದರಲ್ಲಿ ಹತ್ತಿಸಲು ಹಗುರ ಮೈಯ ನಾಯಿಗಳು ಬೇಕಾದಮೇಲೆ ಇವುಗಳ ಮುಖ್ಯ ಕೆಲಸವೂ ಹೋಯಿತು. 2005ರಲ್ಲಿ ಬ್ಯಾರಿ ಫೌಂಡೇಶನ್ ಎಂಬ ಸಂಸ್ಥೆ ಇಡೀ ನಾಯಿಮನೆಯನ್ನು ವಹಿಸಿಕೊಂಡಿತು. ಸುಮಾರು ಮೂವತ್ತು ನಾಯಿಗಳು. ಚಳಿಗಾಲಕ್ಕೆ ಮಾರ್ಟಿನಿಯಲ್ಲಿ, ಬೇಸಿಗೆಗೆ ಘಾಟಿಯ ಮೇಲೆ. ಈಗ ಅವು ವೃದ್ಧಾಶ್ರಮಗಳಿಗೆ, ಅಂಗವಿಕಲರಿರುವ ಮನೆಗಳಿಗೆ ಹೋಗಿ ಕೂತು ಬರುತ್ತವೆ. ಪ್ರವಾಸಿಗರೊಂದಿಗೆ ವಾಕಿಂಗೂ ಹೋಗುತ್ತವೆ. ಹಣ ಕಟ್ಟಿ ಮೊದಲೇ ಬುಕ್ ಮಾಡಿದ್ದರಿಂದ ನಮಗೂ ಒಂದು ಸುತ್ತು ಸಿಕ್ಕಿತು.

ನಾಯಿಗಳನ್ನು ನಡೆಸುವ ಹುಡುಗಿ ಒಂದರ ಚೈನನ್ನು ಇವರ ಕೈಗೆ ಕೊಟ್ಟು, ಎಳೆಯಬೇಡಿ, ಅದರ ಹಿಂದೆ ಹೋಗಿ ಅಂದಳು. ಸರೋವರದ ದಂಡೆಯುದ್ದ ಕಾಲುದಾರಿ. ಜುಲೈನಲ್ಲೂ ಬಂಡೆಗಳ ನೆರಳಲ್ಲಿ ಹಿಮದ ತೇಪೆಗಳು ಉಳಿದಿದ್ದವು. ಹತ್ತು ಹೆಜ್ಜೆಗೊಮ್ಮೆ ನಾಯಿ ನಿಂತು ಮೂಸುತ್ತಿತ್ತು, ಹಿಮ ಸಿಕ್ಕಿದಲ್ಲೆಲ್ಲ ಅಂಗಾತ ಬಿದ್ದು ಹೊರಳುತ್ತಿತ್ತು. ಹದಿನಾಲ್ಕು ಡಿಗ್ರಿಯಲ್ಲಿ ನಾನು ಶಾಲು ಹೊದ್ದಿದ್ದರೆ ಅದು ನಾಲಿಗೆ ಚಾಚಿ ಏದುತ್ತಿತ್ತು. ಬೆಂಗಳೂರಿನ ಅಪಾರ್ಟ್‌ಮೆಂಟುಗಳಲ್ಲಿ ಈ ಜಾತಿಯ ನಾಯಿ ತಂದು, ಏಪ್ರಿಲ್ ತಿಂಗಳಿಡೀ ಏಸಿ ಕೋಣೆಯಲ್ಲಿ ಕೂಡಿಹಾಕಿ, ಅದರ ಫೋಟೋ ತೆಗೆದು ಹಾಕುವವರ ಮೇಲೆ ನನಗಿದ್ದ ಸಿಟ್ಟು ಆ ಏದುಸಿರು ನೋಡಿ ಇಮ್ಮಡಿಯಾಯಿತು. ಕೊಂಡವರಿಗಿಂತ ಮಾರುವವರ ಮೇಲೆ ಹೆಚ್ಚು. ನಾಯಿ ಬೇಕೇ ಬೇಕೆಂದರೆ ಬೀದಿಯಲ್ಲಿದೆ, ಇಲ್ಲವೇ ಬಿಸಿಲಿಗೆ ಹೇಳಿ ಮಾಡಿಸಿದ ಮುಧೋಳವಿದೆ.

ಉದ್ದ ಕೂದಲಿನವಕ್ಕೆ ಚಳಿ ತಡೆಯುವ ಶಕ್ತಿ ಹೆಚ್ಚು ಅಂದುಕೊಂಡಿದ್ದೆವು. ಹುಡುಗಿ ತಲೆಯಾಡಿಸಿದಳು. ಹತ್ತೊಂಬತ್ತನೇ ಶತಮಾನದಲ್ಲಿ ಕಡುಚಳಿಗೆ ನಾಯಿಗಳು ಬಹಳ ಸತ್ತಾಗ ಪಾದ್ರಿಗಳೂ ಹೀಗೇ ಯೋಚಿಸಿ ನ್ಯೂಫೌಂಡ್‌ಲ್ಯಾಂಡ್ ಜಾತಿಯೊಂದಿಗೆ ಬೆರಕೆ ಮಾಡಿಸಿದ್ದರು. ಉದ್ದ ಕೂದಲಿಗೆ ಮಂಜುಗಡ್ಡೆ ಕಟ್ಟಿ ಭಾರವಾಗಿ ನಾಯಿ ನಡೆಯದಾಯಿತು. ಅಂಥವನ್ನು ಕಣಿವೆಯ ಜನರಿಗೆ ಕೊಟ್ಟುಬಿಟ್ಟರು. ಗಿಡ್ಡ ಕೂದಲಿನವು ಘಾಟಿಯಲ್ಲಿ ಉಳಿದವು. ಲೋಕ ಮೆಚ್ಚಿ ಸಾಕಿದ್ದು ಮಾತ್ರ ಉದ್ದ ಕೂದಲಿನದನ್ನೇ.

ಸರೋವರದ ಆ ತುದಿಗೆ ಇಟಲಿ. ಗಡಿ ಅಂತ ಕಾಣುವುದು ಬೋರ್ಡು ಮತ್ತು ಖಾಲಿ ಹಳೇ ಚೌಕಿ. ದಿಬ್ಬದ ಮೇಲೆ ಸಂತ ಬರ್ನಾರ್ಡನ ವಿಗ್ರಹ. 1923ರಲ್ಲಿ ಪೋಪ್ ಹನ್ನೊಂದನೇ ಪಯಸ್ ಇವನನ್ನು ಪರ್ವತಾರೋಹಿಗಳ ಕಾಯುವ ಸಂತನೆಂದು ಸಾರಿದ. ಆ ಪೋಪ್ ಸ್ವತಃ ಆಲ್ಪ್ಸ್ ಹತ್ತಿದವನು. ಅಲ್ಲಿನ ಕಾಫಿ ಚೆನ್ನಾಗಿತ್ತು, ಅಂಗಡಿಯಲ್ಲಿ ಅವೇ ಪೀಪಾಯಿ ನಾಯಿಗಳು.

ಮರುದಿನ ಬರ್ನ್ ನಗರದ ನ್ಯಾಚುರಲ್ ಹಿಸ್ಟರಿ ಮ್ಯೂಸಿಯಂ. ಈ ಘಾಟಿಯ ನಾಯಿಗಳಲ್ಲಿ ಹೆಸರುವಾಸಿಯಾದ ಬ್ಯಾರಿ ಅಲ್ಲಿದೆ. ಹುಟ್ಟಿದ್ದು 1800ರಲ್ಲಿ, ನೆಪೋಲಿಯನ್ ಬಂದ ವರ್ಷ. ನಲವತ್ತಕ್ಕೂ ಹೆಚ್ಚು ಜನರನ್ನು ಉಳಿಸಿದ ಖ್ಯಾತಿ. ಅದರ ನೆನಪಿಗೆ ನಾಯಿಮನೆಯಲ್ಲಿ ಯಾವಾಗಲೂ ಒಂದು ನಾಯಿಗೆ ಬ್ಯಾರಿ ಅಂತಲೇ ಹೆಸರಿಡುತ್ತಾರೆ. ಗಾಜಿನ ಹಿಂದೆ ನಿಂತದ್ದು ನಾವು ನೋಡಿಬಂದ ಗುಡ್ಡಗಳ ಪಕ್ಕ ಮರಿಯ ಹಾಗಿತ್ತು. ಬದುಕಿದ್ದಾಗ ತೂಕ ನಲವತ್ತೈದು ಕಿಲೋ ಮೀರಿರಲಿಲ್ಲವಂತೆ. ಈಗಿನವು ಎಂಬತ್ತರ ಹತ್ತಿರ. 1923ರಲ್ಲಿ ಹಳೇ ಚರ್ಮ ಶಿಥಿಲವಾಗಿ ಮತ್ತೆ ತುಂಬಿಸಿ ನಿಲ್ಲಿಸುವಾಗ, ತಗ್ಗಿದ್ದ ತಲೆಯನ್ನು ಎತ್ತಿಸಿದರು, ಚಪ್ಪಟೆ ನೆತ್ತಿಯನ್ನು ಆ ಕಾಲದ ಸೇಂಟ್ ಬರ್ನಾರ್ಡ್ ಜಾತಿಯ ಗುಂಡು ತಲೆಗೆ ಹೊಂದುವಂತೆ ತಿದ್ದಿದರು. ಕೊರಳಿಗೆ ಪೀಪಾಯಿಯೂ ಬಿದ್ದಿತ್ತು. 1978ರಲ್ಲಿ ಮ್ಯೂಸಿಯಮ್ಮಿನ ನಿರ್ದೇಶಕರೊಬ್ಬರು ಅದನ್ನು ತೆಗೆಸಿದರು. ಅದು ಮತ್ತೆ ಬಂತು. ನಾಯಿ ಇದ್ದ ಹಾಗೆ ಇದ್ದರೆ ಜನಕ್ಕೆ ಸಾಲದು.

ಅದರ ಸಾವಿನ ಕಥೆಯೂ ಹೀಗೇ. ಹಿಮದಲ್ಲಿ ಮಲಗಿದ್ದ ನಲವತ್ತೊಂದನೆಯವನು ಇದನ್ನು ತೋಳವೆಂದು ಬಗೆದು ಇರಿದು ಕೊಂದ ಎಂಬ ಕಥೆ ಎಷ್ಟೋ ಪುಸ್ತಕಗಳಲ್ಲಿ ಅಚ್ಚಾಗಿದೆ. ನಡೆದದ್ದು ಅದಲ್ಲ. ವಯಸ್ಸಾದ ಬ್ಯಾರಿಯನ್ನು 1812ರಲ್ಲಿ ಪಾದ್ರಿಯೊಬ್ಬರು ಬರ್ನ್‌ಗೆ ಕರೆತಂದರು. ಇಲ್ಲೇ ಎರಡು ವರ್ಷ ಇದ್ದು 1814ರಲ್ಲಿ ಮುಪ್ಪಿನಿಂದ ತೀರಿಕೊಂಡಿತು.

ಇದನ್ನು ಓದಿ ಹೇಳಿದಾಗ ಇವರ ಮುಖ ಅರಳಿತು. 'ಸರ್ವೀಸ್ ಮುಗಿಸಿ, ಪೆನ್ಷನ್ ತಿಂದು ಹೋಗಿದೆ ಬಿಡೇ' ಅಂದರು.